ಜಲ್ಲಿಯಲ್ಲಿಟ್ಟ ನಾಲ್ಕು ಮೊಟ್ಟೆ

ಬೆಳ್ಳುಳ್ಳಿಯೂ ಹಿತ್ತಲ ಬಾಗಿಲಿನಿಂದಲೇ ಒಳಗೆ ಬರಬೇಕಾಗಿದ್ದ ಮನೆ ನಮ್ಮದು. ಅಂಥ ಮನೆಯಲ್ಲಿ ಹುಟ್ಟಿದವಳಿಗೆ ಮೀನಿನ ಡಬ್ಬಿಯ ವಾಸನೆ ಬಂದರೆ ಮನಸ್ಸು ತುಂಬಿ ಬರುತ್ತದೆ ಎಂದರೆ ಯಾರು ನಂಬುತ್ತಾರೆ? ನಮ್ಮಮ್ಮನಂತೂ ನಂಬುವುದಿಲ್ಲ. ಮೊನ್ನೆ ಇಲ್ಲಿ ವೆಸ್ಟ್‌ಮಂಟ್‌ನಲ್ಲಿ ಪಕ್ಕದ ಮನೆಯ ತಾತ ಬಿಸಿಲು ಕಾಯಿಸಿಕೊಳ್ಳುತ್ತಾ ಡೆಕ್ ಮೇಲೆ ಕೂತು ಸಾರ್ಡೀನ್ ಡಬ್ಬಿ ತೆರೆದರು. ನನ್ನ ಮಗಳು ಮೂಗು ಹಿಡಿದುಕೊಂಡು "ಮಾಮ್, ದಟ್ಸ್ ಸೋ ಗ್ರೋಸ್!" ಎಂದು ಒಳಗೆ ಓಡಿದಳು. ನಾನು ಮಾತ್ರ ಬೇಲಿಯ ಹತ್ತಿರ ನಿಂತು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡೆ. ತಾತ ಗಾಬರಿಯಾಗಿ, ಬೇಕಾ ಎನ್ನುವಂತೆ ಡಬ್ಬಿಯನ್ನು ಮುಂದೆ ಚಾಚಿದರು. ಬೇಡ, ಬೇಡ ಎಂದು ಕೈಯಾಡಿಸಿ ಒಳಗೆ ಬಂದೆ. ಬಂದವಳು ಅಡುಗೆಮನೆಯಲ್ಲಿ ಸುಮ್ಮನೆ ಕೂತುಬಿಟ್ಟೆ. ಹಿಡಿದ ಕೆಲಸ ಯಾವುದೂ ಸಾಗಲಿಲ್ಲ. ವಿಕ್ಸಮ್‌ನಲ್ಲಿ ಕಳೆದ ಆ ವಸಂತ, ಆ ಬೇಸಿಗೆ, ಜುಲೇಖಾ ಆಂಟಿ ಎಲ್ಲ ಒಟ್ಟಿಗೇ ನುಗ್ಗಿ ಬಂದಿದ್ದವು.

ಅದು ೨೦೦೨. ಮದುವೆಯಾಗಿ ಈ ಪರದೇಶಕ್ಕೆ ಬಂದು ಇನ್ನೂ ವರ್ಷವಾಗಿರಲಿಲ್ಲ. ರಘುವಿನ ಪ್ರಾಜೆಕ್ಟು ಮೊದಲು ವಿಕ್ಸಮ್‌ನಲ್ಲೇ ಇತ್ತು, ಹಾಗಾಗಿ ಅಲ್ಲೇ ಅಪಾರ್ಟ್‌ಮೆಂಟ್ ಹಿಡಿದಿದ್ದ. ನಾನು ಬರುವ ಹೊತ್ತಿಗೆ ಪ್ರಾಜೆಕ್ಟು ಸ್ಟರ್ಲಿಂಗ್ ಹೈಟ್ಸ್‌ನ ಕಾರು ಫ್ಯಾಕ್ಟರಿಯೊಂದಕ್ಕೆ ಹೋಗಿತ್ತು, ಬಾಡಿಗೆಯ ಲೀಸು ಮಾತ್ರ ವಿಕ್ಸಮ್‌ನಲ್ಲೇ ಉಳಿದಿತ್ತು. ಅವನು ಬೆಳಗಾಗುತ್ತಲೇ ಇರುವ ಒಂದೇ ಕಾರನ್ನು ತೆಗೆದುಕೊಂಡು ಹೊರಟರೆ ಮರಳುವುದು ಸಂಜೆಗೆ. ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದವಳು ನಾನು. ಇಲ್ಲಿ ನನ್ನ ವೀಸಾ ಮೇಲೆ ಕೆಲಸ ಮಾಡುವಂತಿಲ್ಲ ಎಂದು ಸರ್ಕಾರವೇ ಬರೆದುಕೊಟ್ಟಿತ್ತು. ದಿನಕ್ಕೆ ಎಷ್ಟು ಸಲ ಅಂತ ಅಡುಗೆಮನೆ ಒರೆಸುವುದು? ಕಿಟಕಿಯಾಚೆ ಹಿಮ, ಹಿಮದಾಚೆ ಇನ್ನಷ್ಟು ಹಿಮ. ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನೆಲ್ಲ ಕೇಳುವುದಕ್ಕೆ ಸಂಜೆ ಮನೆಗೆ ಬರುತ್ತಿದ್ದ ರಘು ಒಬ್ಬನೇ ಇದ್ದ, ಪಾಪ.

ಏಪ್ರಿಲ್‌ನಲ್ಲಿ ಹಿಮ ಕರಗಿ ಹಾದಿ ಕಂಡಾಗ ನಡೆಯಲು ಶುರುಮಾಡಿದೆ. ಹದಿನೈದು ನಿಮಿಷದ ದೂರದಲ್ಲಿ ನಾಲ್ಕಾರು ಅಂಗಡಿಗಳ ಸಾಲು, ಅದರ ಕೊನೆಯಲ್ಲಿ ಜುಲೇಖಾ ಆಂಟಿಯ ದಿನಸಿ ಅಂಗಡಿ. ಕರಿಬೇವು, ಬಾಸ್ಮತಿ, ಫೋನ್ ಕಾರ್ಡು, ಹಲಾಲ್ ಮಾಂಸ ಎಲ್ಲ ಸಿಗುತ್ತಿತ್ತು. ನನಗೆ ಬೇಕಾಗಿದ್ದದ್ದು ಕನ್ನಡ, ಅದೂ ಸಿಗುತ್ತಿತ್ತು. ಆಂಟಿ ಸವಣೂರಿನವರು. ಐವತ್ತು ದಾಟಿದ, ದುಂಡನೆಯ, ದೊಡ್ಡ ದನಿಯ ಹೆಂಗಸು. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕ ತಂಗಿ, ಗಂಡ ಉಣ್ಣಾಕ ಹಾಕಂಗಿಲ್ಲೇನ? ಹಿಂಗ ಒಣಗೀಯಲ್ಲ?" ಎಂದಿದ್ದರು. ಕೌಂಟರಿನ ಹಿಂದೆ ನನಗೊಂದು ಸ್ಟೂಲು ಹಾಕಿಕೊಟ್ಟರು. ಮೈಸೂರಿನ ಕನ್ನಡವೂ ಸವಣೂರಿನ ಕನ್ನಡವೂ ಒಂದನ್ನೊಂದು ಆಡಿಕೊಳ್ಳುತ್ತಾ ಮಧ್ಯಾಹ್ನಗಳನ್ನು ಕಳೆದವು. ಅವರು ಆ ಸ್ಟೂಲು ಹಾಕಿಕೊಡದೇ ಹೋಗಿದ್ದರೆ ನಾನು ಆ ವರ್ಷವೇ ವಾಪಸು ವಿಮಾನ ಹತ್ತುತ್ತಿದ್ದೆ.

ಅಂಗಡಿಯ ಹಿಂದೆ ಕಸದ ಡಬ್ಬಗಳು, ಒಂದು ಹಳೆಯ ಮರದ ಶೆಡ್ಡು, ಅದರಾಚೆ ಏನೋ ಕಟ್ಟಬೇಕೆಂದು ಜಲ್ಲಿ ಸುರಿದು ಹಾಗೇ ಬಿಟ್ಟಿದ್ದ ಬಯಲು, ಬಯಲಿನ ತುದಿಗೆ ಮಳೆನೀರಿನ ಕೊಳ. ಶೆಡ್ಡಿನ ಹತ್ತಿರ ಆಂಟಿಯ ಬೆಕ್ಕುಗಳು. ಸಾಕಿದ ಬೆಕ್ಕುಗಳಲ್ಲ, ಯಾರೋ ಮನೆ ಬದಲಾಯಿಸುವಾಗ ಬಿಟ್ಟುಹೋದವು ಮತ್ತು ಅವುಗಳ ಮಕ್ಕಳು ಮೊಮ್ಮಕ್ಕಳು. ದಿನಾ ಸಂಜೆ ಆಂಟಿ ಮಾಂಸದ ಚೂರುಗಳ ತಟ್ಟೆ ಹಿಡಿದು ಹಿಂದಿನ ಬಾಗಿಲು ತೆರೆದರೆ ಸಾಕು, ಬಾಲ ನೆಟ್ಟಗೆ ಮಾಡಿಕೊಂಡು ಓಡಿ ಬರುತ್ತಿದ್ದವು. ಅವುಗಳಲ್ಲಿ ಒಬ್ಬಳು ಬೂದುಬಣ್ಣದವಳು. ಉಳಿದವರೆಲ್ಲ ಬಂದ ಮೇಲೆ, ಆತುರವಿಲ್ಲದೆ, ರಾಜಗಾಂಭೀರ್ಯದಿಂದ ಬರುತ್ತಿದ್ದಳು. ಆಂಟಿ ಅವಳನ್ನು ಬೇಗಂ ಎಂದು ಕರೆಯುತ್ತಿದ್ದರು. ಬೇಗಂ ಉಂಡಳೆಂದು ಗೊತ್ತಾದ ಮೇಲೇ ಆಂಟಿಯ ಊಟ.

ಹಕ್ಕಿಯನ್ನು ಮೊದಲು ಕಂಡದ್ದೂ ಆ ಬಯಲಿನಲ್ಲೇ. ಒಂದು ದಿನ ಅಡ್ಡದಾರಿ ಹಿಡಿದು ಜಲ್ಲಿಯ ಮೇಲೆ ನಡೆದು ಬರುತ್ತಿದ್ದೆ. ಕತ್ತಿಗೆ ಎರಡು ಕಪ್ಪು ಪಟ್ಟಿ ಹಾಕಿಕೊಂಡ ಕಂದು ಹಕ್ಕಿಯೊಂದು ನನ್ನ ಕಾಲಬುಡದಲ್ಲೇ ಕಿರುಚಿ, ರೆಕ್ಕೆ ಮುರಿದಂತೆ ನೆಲಕ್ಕೆ ಎಳೆಯುತ್ತಾ ಕುಂಟಿತು. ಅಯ್ಯೋ ಎಂದು ದುಪಟ್ಟಾ ಬಿಚ್ಚಿ ಹಿಡಿಯಲು ಹೋದೆ. ಅದು ಇನ್ನೇನು ಸಿಕ್ಕಿತು ಅನ್ನುವಷ್ಟು ಹತ್ತಿರ ಇದ್ದು, ನನ್ನನ್ನು ಕೊಳದವರೆಗೂ ಓಡಿಸಿ, ಚಪ್ಪಲಿ ಕೆಸರಾದ ಮೇಲೆ ಪುರ್ರೆಂದು ಹಾರಿಹೋಯಿತು. ಏದುಸಿರು ಬಿಡುತ್ತಾ ನಿಂತವಳಿಗೆ ಆಗ ಹೊಳೆಯಿತು. ನಮ್ಮೂರ ಕೆರೆ ಬಯಲಿನ ಟಿಟ್ಟಿಭವೂ ಹೀಗೇ ನೆಲದ ಮೇಲೆ ಮೊಟ್ಟೆಯಿಟ್ಟು, ಹತ್ತಿರ ಹೋದವರ ತಲೆಯ ಮೇಲೆ ಕಿರುಚುತ್ತಾ ಸುತ್ತುತ್ತದೆ. ಇದು ಅದರ ದಾಯಾದಿ. ವಿಜ್ಞಾನದ ಮೇಡಮ್ಮನ್ನು ಒಂದು ಹಕ್ಕಿ ಬೇಸ್ತು ಬೀಳಿಸಿತ್ತು. ಎಷ್ಟೋ ತಿಂಗಳ ಮೇಲೆ ನಾನು ಒಬ್ಬಳೇ ನಿಂತು ಜೋರಾಗಿ ನಕ್ಕೆ.

ಆಮೇಲೆ ದಿನವೂ ದೂರದಿಂದ ನೋಡುತ್ತಿದ್ದೆ. ಗೂಡೆಂದರೆ ಗೂಡಲ್ಲ, ಜಲ್ಲಿಯಲ್ಲಿ ಒಂದು ತಗ್ಗು, ಅದರಲ್ಲಿ ಕಲ್ಲೋ ಮೊಟ್ಟೆಯೋ ತಿಳಿಯದಂಥ ನಾಲ್ಕು ಮೊಟ್ಟೆ. ಗಂಡೂ ಹೆಣ್ಣೂ ಸರದಿಯಲ್ಲಿ ಕೂರುತ್ತಿದ್ದವು. ಮೇ ತಿಂಗಳ ಮೊದಲಲ್ಲಿ ಮರಿಗಳು ಹೊರಬಂದವು, ಕಡ್ಡಿಕಾಲಿನ ಮೇಲೆ ಹತ್ತಿಯುಂಡೆ ಇಟ್ಟಂತೆ. ಹುಟ್ಟಿದ ದಿನವೇ ಓಡಾಡುತ್ತವೆ, ಹಾರಲು ಬಾರದು. ಎರಡೇ ದಿನ. ಮೂರನೆಯ ದಿನ ನಾನು ಹೋದಾಗ ಬೇಗಂ ಬಾಯಲ್ಲಿ ಏನನ್ನೋ ಕಚ್ಚಿಕೊಂಡು ಕಸದ ಡಬ್ಬಗಳ ಕಡೆ ಹೋಗುತ್ತಿದ್ದಳು. ತೆಳ್ಳನೆಯ ಎರಡು ಕಾಲು ನೇತಾಡುತ್ತಿದ್ದವು. ತಾಯಿಹಕ್ಕಿ ಅವಳ ಮುಂದೆಯೇ ರೆಕ್ಕೆ ಎಳೆದುಕೊಂಡು ಹೊರಳಾಡುತ್ತಿತ್ತು. ಬೇಗಂ ಅದರ ನಾಟಕವನ್ನು ನನ್ನಷ್ಟು ಸುಲಭವಾಗಿ ನಂಬಲಿಲ್ಲ. ಮಾರನೆಯ ದಿನಕ್ಕೆ ಒಂದು ಮರಿಯೂ ಇರಲಿಲ್ಲ. ಆ ಜೋಡಿ ಮಾತ್ರ ಸಂಜೆಯವರೆಗೂ ಕೂಗುತ್ತಾ ಬಯಲಿನ ಮೇಲೆ ಸುತ್ತಿತು.

ಆ ದಿನ ಮನೆಗೆ ಬಂದು ಅತ್ತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವ ಗಾದೆಯನ್ನು ಎಷ್ಟು ವರ್ಷ ಬಾಯಿಪಾಠದ ಹಾಗೆ ಹೇಳಿದ್ದೆ! ಮೇ ಮೂರನೆಯ ವಾರದಲ್ಲಿ ಅದೇ ಜೋಡಿ ಅದೇ ಜಲ್ಲಿಯಲ್ಲಿ ಮತ್ತೆ ನಾಲ್ಕು ಮೊಟ್ಟೆಯಿಟ್ಟಾಗ, ಈ ಸಲ ಸುಮ್ಮನಿರುವುದು ನನ್ನಿಂದಾಗಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಫೋನ್ ಪುಸ್ತಕ ತೆಗೆದು, ಹತ್ತಿರದ ಪಾರ್ಕಿನ ಆಫೀಸಿಗೆ ಫೋನ್ ಮಾಡಿದೆ. ಅವರು ಒಬ್ಬರ ನಂಬರ್ ಕೊಟ್ಟರು. ಅವರೇ ಡೋರಿಸ್.

ಡೋರಿಸ್ ಎಪ್ಪತ್ತರ ಹತ್ತಿರದವರು, ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಾತಾಡುವಾಗ ಈಗಲೂ ಎದುರಿನವರ ಹಲ್ಲನ್ನೇ ನೋಡುತ್ತಿದ್ದರು. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿರುವ ಕಡೆಯಿಂದ ಬೀದಿಬೆಕ್ಕುಗಳನ್ನು ನೋವಾಗದಂತೆ ಹಿಡಿದು ಸಾಗಿಸುವುದು ಅವರ ನಿವೃತ್ತಿಯ ಉದ್ಯೋಗ. ಬಯಲನ್ನು ನೋಡಿದರು, ಜಾಗದ ಮಾಲೀಕರ ಒಪ್ಪಿಗೆ ಪಡೆದರು, ಆಮೇಲೆ ನನಗೆ ಹೇಳಿದರು: "ಬೆಕ್ಕು ಈ ನೆಲದ ಪ್ರಾಣಿ ಅಲ್ಲ. ಜನ ಹಡಗಿನಲ್ಲಿ ತಂದದ್ದು. ಇಲ್ಲಿಯ ಹಕ್ಕಿಗೆ ನರಿ ಗೊತ್ತು, ಹದ್ದು ಗೊತ್ತು. ಮನುಷ್ಯರ ಅಂಗಳದಿಂದ ಹೊಟ್ಟೆ ತುಂಬಿಸಿಕೊಂಡು ಬರುವ ಬೇಟೆಗಾರರು ಇಷ್ಟೊಂದು ಜನ ಇರ್ತಾರೆ ಅಂತ ಗೊತ್ತಿಲ್ಲ." ಈ ನೆಲದ್ದಲ್ಲ ಎಂಬ ಮಾತಿಗೆ ನಾನು ಸ್ವಲ್ಪ ಮುದುಡಿಕೊಂಡದ್ದನ್ನು ನೋಡಿ, "ನಿನಗಲ್ಲ ಹೇಳಿದ್ದು, ನೀನು ಇನ್ನೂ ಒಂದು ಹಕ್ಕಿಯನ್ನೂ ಹಿಡಿದಿಲ್ಲ" ಎಂದು ನಕ್ಕರು. ದುಪಟ್ಟಾ ಹಿಡಿದು ಓಡಿದ್ದನ್ನು ನಾನು ಹೇಳಲಿಲ್ಲ.

ಪಾಠ ಅವರ ಮನೆಯ ವರಾಂಡದಲ್ಲಿ. ನಾನು ಬೋನೆಂದರೆ ಇಲಿಬೋನು ಕಂಡವಳು. ಇದು ಮೊಳಕ್ಕೂ ಉದ್ದದ ತಂತಿಯ ಪೆಟ್ಟಿಗೆ. ಕೊನೆಯಲ್ಲಿ ತಿಂಡಿ, ನಡುವೆ ಒಂದು ತಗಡು. ಅದನ್ನು ಮೆಟ್ಟಿದರೆ ಹಿಂದೆ ಬಾಗಿಲು ಬೀಳುತ್ತದೆ. ಕಾಲಿಗೆ ತಂತಿ ಚುಚ್ಚದಂತೆ ತಳಕ್ಕೆ ಪೇಪರು ಹಾಸಬೇಕು. ಸುಡುವ ಬಿಸಿಲಲ್ಲಿ ಇಡಬಾರದು, ಮಳೆಯಲ್ಲಿ ಇಡಬಾರದು. ಬೆಕ್ಕು ಸಿಕ್ಕ ತಕ್ಷಣ ಮೇಲೆ ಬೆಡ್‌ಶೀಟ್ ಹೊದಿಸಬೇಕು, ಕತ್ತಲಾದರೆ ಅದರ ಗಾಬರಿ ಇಳಿಯುತ್ತದೆ. ಹಿಡಿಯುವ ಹಿಂದಿನ ದಿನ ಯಾರೂ ಅವಕ್ಕೆ ಊಟ ಹಾಕಬಾರದು, ಹೊಟ್ಟೆ ತುಂಬಿದ ಬೆಕ್ಕು ಬೋನಿಗೆ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಬೋನು ಇಟ್ಟವರು ಬೋನು ಕಾಣುವಷ್ಟು ಹತ್ತಿರವೇ ಕೂತಿರಬೇಕು. "ಇಟ್ಟು ಶಾಪಿಂಗಿಗೆ ಹೋಗುವವರು ನನಗೆ ಬೇಡ" ಎಂದರು ಡೋರಿಸ್. ಹಿಡಿದವುಗಳಿಗೆ ವೈದ್ಯರಿಂದ ಮರಿಯಾಗದಂತೆ ಆಪರೇಷನ್ ಮಾಡಿಸಿ, ಸಾಧುವಾದವನ್ನು ಮನೆಗಳಿಗೂ ಕಾಡುಸ್ವಭಾವದವನ್ನು ಸುತ್ತ ಜಾಲರಿ ಹಾಕಿದ ಒಂದು ಕುದುರೆ ಲಾಯಕ್ಕೂ ಕೊಡುತ್ತಿದ್ದರು. ಕೊಂದರೆ ಕೆಲಸ ಸುಲಭ, ಆದರೆ ಸುಲಭದ ಕೆಲಸಕ್ಕೆ ನಾವು ಯಾಕೆ ಬೇಕು ಎನ್ನುತ್ತಿದ್ದರು.

ಎಲ್ಲ ಪಾಠ ಕಲಿತೆ, ಒಂದನ್ನು ಬಿಟ್ಟು. ಮೀನು ಮುಟ್ಟುವುದಿಲ್ಲ ಎಂದು ಹಟ ಹಿಡಿದೆ. ಬೆಕ್ಕು ಅಂದರೆ ಹಾಲು, ಮೊಸರು, ಬೆಣ್ಣೆ, ಇದರಲ್ಲಿ ಏನು ಅನುಮಾನ? ನಮ್ಮಜ್ಜಿಯ ಬೆಕ್ಕು ಮೊಸರನ್ನದ ತಟ್ಟೆಯ ಸದ್ದಿಗೇ ಓಡಿ ಬರುತ್ತಿತ್ತು. ಆದ್ದರಿಂದ ಮೆತ್ತಗೆ ಮಿದ್ದ ಮೊಸರನ್ನಕ್ಕೆ ಒಂದು ಚಮಚ ತುಪ್ಪ ಹಾಕಿ ನನ್ನ ಮೊದಲ ಬೋನನ್ನು ಸಿಂಗರಿಸಿದೆ. ಒಗ್ಗರಣೆ ಹಾಕಲಿಲ್ಲ, ಅಷ್ಟು ವಿವೇಕ ಇತ್ತು. ಡೋರಿಸ್ ಕಾರಿನಲ್ಲಿ ಕೂತು ಕಾದೆವು. ಬೆಕ್ಕುಗಳು ಬಂದವು, ಮೂಸಿದವು, ಮುಖ ತಿರುಗಿಸಿ ಹೋದವು. ಸಂಜೆಗೆ ಠಪ್ಪೆಂದು ಬಾಗಿಲು ಬಿತ್ತು. ಓಡಿ ಹೋಗಿ ನೋಡಿದರೆ, ಚೂಪು ಮೂತಿಯ, ಬೋಳು ಬಾಲದ, ದೊಡ್ಡ ಹೆಗ್ಗಣದಂಥ ಪೊಸಮ್ ಒಂದು ಒಳಗೆ ಕೂತು ಮೊಸರನ್ನ ಬಾರಿಸುತ್ತಿತ್ತು. ಅದು ಅಪ್ಪಟ ಈ ನೆಲದ್ದೇ ಪ್ರಾಣಿ, ಬಿಟ್ಟುಬಿಡಬೇಕು. ಬಾಗಿಲು ತೆರೆದೆವು. ಅದು ಹೋಗಲಿಲ್ಲ. ತಟ್ಟೆಯನ್ನು ನೆಕ್ಕಿ ಮುಗಿಸಿ, ಇನ್ನೂ ಇದೆಯಾ ಎನ್ನುವ ಹಾಗೆ ನನ್ನ ಮುಖ ನೋಡಿತು. ಡೋರಿಸ್ ನಕ್ಕು ನಕ್ಕು ರಸ್ತೆಯ ಕಟ್ಟೆಯ ಮೇಲೆ ಕೂತೇ ಬಿಟ್ಟರು. ಮನೆಯಲ್ಲಿ ರಘು, "ಮಕ್ಕಳಿಗೆ ಪಾಠ ಹೇಳ್ತಿದ್ದೋಳು ಇಲ್ಲಿ ಹೆಗ್ಗಣಕ್ಕೆ ಮೊಸರನ್ನ ಬಡಿಸ್ತಿದಾಳೆ ಅಂತ ನಿಮ್ಮಪ್ಪಂಗೆ ಫೋನ್ ಮಾಡ್ಲಾ?" ಎಂದ.

ಮಾರನೆಯ ದಿನ ಮೂಗಿಗೆ ದುಪಟ್ಟಾ ಸುತ್ತಿಕೊಂಡು, ರಾಯರನ್ನು ನೆನೆದು, ಜೀವಮಾನದ ಮೊದಲ ಸಾರ್ಡೀನ್ ಡಬ್ಬಿ ತೆರೆದೆ. ಎಣ್ಣೆ ಬೆರಳಿಗೆ ತಗುಲಿದಾಗ ಮೈ ಜುಮ್ಮೆಂದಿತು. ಆಮೇಲೆ ಅದೂ ಒಂದು ಕೆಲಸವಾಯಿತು, ಎಷ್ಟೋ ತಿಂಗಳ ನಂತರ ನನಗೆ ಸಿಕ್ಕ ಕೆಲಸ. ಒಂದು ವಾರದಲ್ಲಿ ಒಂದು ಕೆಂಪು ಗಂಡುಬೆಕ್ಕೂ ಒಂದು ಕರಿಬೆಕ್ಕೂ ಸಿಕ್ಕವು. ಕುದುರೆ ಲಾಯಕ್ಕೆ ಹೋಗಿ, ಅವುಗಳ ಜಾಗವನ್ನು ನಾನೇ ನೋಡಿಕೊಂಡು ಬಂದೆ.

ಜುಲೇಖಾ ಆಂಟಿಗೆ ಕದ್ದುಮುಚ್ಚಿ ಏನೂ ಮಾಡಿರಲಿಲ್ಲ. ಮೊದಲೇ ಹೋಗಿ ಹೇಳಿದ್ದೆ. ಹಕ್ಕಿಮರಿಗಳ ಕಥೆ ಹೇಳಿ, "ಆಂಟಿ, ಮೊಟ್ಟೆ ಒಡೆಯೋವರೆಗೂ ಒಂದೆರಡು ವಾರ ಸಂಜೆ ಊಟ ಹಾಕ್ಬೇಡಿ. ಬೆಕ್ಕುಗಳಿಗೆ ಏನೂ ಆಗದ ಹಾಗೆ ನಾವು ಸಾಗಿಸ್ತೀವಿ" ಎಂದೆ.

ಆಂಟಿ ಕೊತ್ತಂಬರಿ ಕಟ್ಟುವುದನ್ನು ನಿಲ್ಲಿಸಿದರು. "ಹಸದ ಜೀವಕ್ಕ ಹಾಕಬ್ಯಾಡ ಅಂತೀಯೇನ? ಇದನ್ನ ಎಲ್ಲಿ ಕಲತಿ ತಂಗಿ? ಹಕ್ಕಿ ತಿನ್ನದ ಬೆಕ್ಕು ಏನ ನಿಮ್ಮಂಗ ಸಾರನ್ನ ಉಣ್ಣತೈತೇನು?"

"ಅದಲ್ಲ ಆಂಟಿ..."

"ನಮ್ಮ ಸವಣೂರಾಗ ಬೆಕ್ಕನ್ನ ಹೊರಗ ಹಾಕಿದ ಮನಿ ಉದ್ಧಾರ ಆಗಿದ್ದು ನಾ ನೋಡಿಲ್ಲ. ಊಟದ ತಾಟ ತೋರಿಸಿ, ನಂಬಿಸಿ, ಒಳಗ ಕರದು ಬಾಗಲಾ ಹಾಕೂದು! ಇದಕ್ಕ ನಾವು ಏನಂತೀವಿ ಗೊತ್ತೈತೇನ?"

ಗೊತ್ತಿತ್ತು. ಅನ್ನ ತೋರಿಸಿ ಮೋಸ ಮಾಡುವುದಕ್ಕೆ ನಮ್ಮಲ್ಲೂ ಅದೇ ಮಾತು, ನಂಬಿಕೆದ್ರೋಹ. ಅವತ್ತಿನಿಂದ ಆಂಟಿ ನನ್ನ ಜೊತೆ ಮಾತು ಬಿಟ್ಟರು. ಹೋದರೆ ಸಾಮಾನು ಕಟ್ಟಿ ಕೌಂಟರ್ ಮೇಲೆ ಇಡುತ್ತಿದ್ದರು. ಸ್ಟೂಲು ಒಳಗೆ ಹೋಗಿತ್ತು. ಸಂಜೆಯ ಊಟವಂತೂ ಮೊದಲಿಗಿಂತ ಹೆಚ್ಚಾಯಿತು. ಅದಕ್ಕೇ ಇರಬೇಕು, ಬೇಗಂ ಮಾತ್ರ ಬೋನಿನ ಹತ್ತಿರವೂ ಸುಳಿಯಲಿಲ್ಲ. ಆಂಟಿ ಮಾತು ಬಿಟ್ಟದ್ದು ನನಗೆ ಮೀನಿನ ವಾಸನೆಗಿಂತ ಹೆಚ್ಚಾಗಿ ಹಿಂಸೆ ಕೊಟ್ಟಿತು. ಹಾಗಂತ ಬೋನು ಎತ್ತಿಡಲೂ ಆಗಲಿಲ್ಲ. ಆ ಹಕ್ಕಿಗಳು ಇನ್ನೊಂದು ಸಲ ಹಾಗೆ ಕೂಗುವುದನ್ನು ಕೇಳುವ ಶಕ್ತಿ ನನಗಿರಲಿಲ್ಲ.

ಜೂನ್ ಮಧ್ಯದಲ್ಲಿ, ಇನ್ನೇನು ಮೊಟ್ಟೆ ಒಡೆಯಬೇಕು ಅನ್ನುವ ಹೊತ್ತಿಗೆ, ಒಂದು ಬೆಳಿಗ್ಗೆ ಬೇಗಂ ತಾನಾಗಿ ಬಂದು ಬೋನಿಗೆ ಬಿದ್ದಳು. ನಾನು ಕುಣಿಯುವುದೊಂದು ಬಾಕಿ. ಡೋರಿಸ್ ಬೆಡ್‌ಶೀಟಿನ ತುದಿ ಎತ್ತಿ ಅವಳ ಹೊಟ್ಟೆಯ ಕಡೆ ಬಗ್ಗಿ ನೋಡಿದರು. ಅವರ ಮುಖ ಇಳಿಯಿತು. "ನೋಡು" ಎಂದರು. ಮೊಲೆತೊಟ್ಟುಗಳ ಸುತ್ತ ಕೂದಲು ಸವೆದು, ಒದ್ದೆಯಾಗಿತ್ತು. ಎಲ್ಲೋ ಮರಿಗಳಿದ್ದವು, ಇನ್ನೂ ಹಾಲು ಕುಡಿಯುತ್ತಿದ್ದವು. ಇವಳನ್ನು ಸಾಗಿಸಿದರೆ ಅವು ಹಸಿದು ಸಾಯುತ್ತವೆ. ಮರಿಗಳನ್ನು ಹುಡುಕಬೇಕು, ಇಲ್ಲವಾದರೆ ಇವಳನ್ನು ಬಿಡಬೇಕು. ಡೋರಿಸ್ ಬಳಿ ಮೂರನೆಯ ದಾರಿ ಇರಲಿಲ್ಲ. ಬಿಟ್ಟರೆ, ಒಮ್ಮೆ ಬೋನು ಕಂಡ ಬೆಕ್ಕು ಮತ್ತೆ ಸುಲಭಕ್ಕೆ ಸಿಗುವುದಿಲ್ಲ. ಅಲ್ಲಿ ಜಲ್ಲಿಯಲ್ಲಿ ಒಂದು ಮೊಟ್ಟೆ ಆಗಲೇ ಬಿರುಕು ಬಿಟ್ಟಿತ್ತು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಯಿತು ನನ್ನ ಸ್ಥಿತಿ.

ಕಸದ ಡಬ್ಬಗಳ ಹಿಂದೆ, ಪೊದೆಗಳಲ್ಲಿ, ಎಲ್ಲ ಕಡೆ ಹುಡುಕಿದೆವು. ಶೆಡ್ಡು ಆಂಟಿಯದು, ಹೇಳದೆ ಕಾಲಿಡುವಂತಿರಲಿಲ್ಲ. ಕೊನೆಗೆ ಅಂಗಡಿಗೆ ಹೋದೆ. "ಆಂಟಿ, ಬೇಗಂ ಸಿಕ್ಕಿದಾಳೆ. ಮರಿಗಳಿದಾವೆ ಅವಳಿಗೆ. ಎಲ್ಲಿ ಅಂತ ನಿಮಗೆ ಗೊತ್ತಾ?"

ಆಂಟಿ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ಹೇಳಿದ್ರ ಅವನ್ನೂ ಬೋನಿನ್ಯಾಗ ಹಾಕ್ತೀರಿ. ನಾ ಹೇಳಂಗಿಲ್ಲ."

"ಹೇಳ್ದೇ ಇದ್ರೆ ಅವಳನ್ನ ಬಿಟ್ಬಿಡ್ಬೇಕಾಗತ್ತೆ ಆಂಟಿ."

"ಬಿಡ್ರಿ. ಬ್ಯಾಡ ಅಂದೋರು ಯಾರು?"

ಬಿಟ್ಟೆವು. ಡೋರಿಸ್ ಬೋನಿನ ಬಾಯನ್ನು ಶೆಡ್ಡಿನ ಕಡೆ ತಿರುಗಿಸಿ ಬಾಗಿಲೆತ್ತಿದರು. ಬೇಗಂ ಬಾಣದ ಹಾಗೆ ಹೋದಳು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. "ಸರಿಯಾದ ಕೆಲಸ ಮಾಡಿದ ದಿನ ಕೆಲವು ಸಲ ಹೀಗೇ ಆಗುತ್ತೆ" ಎಂದರು ಡೋರಿಸ್. ತಲೆಯೆತ್ತಿದಾಗ ಅಂಗಡಿಯ ಹಿಂದಿನ ಬಾಗಿಲಲ್ಲಿ ಆಂಟಿ ಕಸಬರಿಗೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ ತಿಳಿಯದು. ನಾನು ನೋಡಿದ್ದೇ ಒಳಗೆ ಹೋದರು.

ಮಾರನೆಯ ದಿನ ರಘು ಕೆಲಸಕ್ಕೆ ಹೊರಟ ಬೆನ್ನಿಗೇ ಬಾಗಿಲು ಬಡಿದ ಸದ್ದಾಯಿತು. ಆಂಟಿ. ನಮ್ಮ ಮನೆಗೆ ಅವರು ಬಂದದ್ದು ಅದೇ ಮೊದಲು. ಎರಡು ಮಹಡಿ ಹತ್ತಿ ಉಬ್ಬಸ ಬರುತ್ತಿತ್ತು. ಕೂರಿ ಎಂದರೂ ಕೂರಲಿಲ್ಲ.

"ನಿನ್ನಿ ಅಕೀನ ಬಿಟ್ರಿ. ನಾ ನೋಡಿದೆ" ಎಂದರು. "ಕೊಲ್ಲೋ ಮಂದಿ ಆಗಿದ್ರ ಬಿಡ್ತಿದ್ದಿಲ್ಲ. ನೀ ಅತ್ತಿ, ಅದನ್ನೂ ನೋಡಿದೆ. ರಾತ್ರಿ ನಿದ್ದಿ ಬರಲಿಲ್ಲ ತಂಗಿ."

ನಾನು ನೀರು ಕೊಟ್ಟೆ. ಲೋಟವನ್ನು ಕೈಯಲ್ಲಿ ಹಿಡಿದುಕೊಂಡರೇ ಹೊರತು ಕುಡಿಯಲಿಲ್ಲ.

"ಮರಿ ನನ್ನ ಶೆಡ್ಡಿನ್ಯಾಗ ಅದಾವ. ಮೂರು. ಬಾಸ್ಮತಿ ಬಾಕ್ಸಿನ್ಯಾಗ ನನ್ನ ಹಳೇ ದುಪಟ್ಟಾ ಹಾಸೀನಿ. ಅಲ್ಲಿ ನೆಲದ ಮ್ಯಾಲ ಪುಕ್ಕ ಬಿದ್ದಿರ್ತಾವ, ಸಣ್ಣ ಸಣ್ಣ ಕಾಲು. ದಿನಾ ನಾನ ಗುಡಸ್ತೀನಿ. ಯಾವದೋ ಹಕ್ಕಿ ಅಂತ ಗುಡಸಿ ಒಗೀತಿದ್ದೆ. ಅಕೀನೂ ತಾಯಿ, ಈಕೀನೂ ತಾಯಿ, ಏನ ಮಾಡೂದು?" ಲೋಟವನ್ನು ಕೆಳಗಿಟ್ಟು ಹೇಳಿದರು, "ಹಿಡೀರಿ. ಆದ್ರ ಕುದರಿ ಲಾಯಕ್ಕ ಬ್ಯಾಡ. ತಾಯಿ ಮಕ್ಕಳು ಎಲ್ಲಾರನ್ನೂ ನಾ ನನ್ನ ಮನಿಗೆ ಒಯ್ತೀನಿ. ಬಾಗಲಾ ಹಾಕಿ ಇಟಗೊಂತೀನಿ."

"ನಿಮ್ಮನೆ ಅಂಕಲ್‌ಗೆ ಬೆಕ್ಕಿನ ಕೂದಲು ಆಗಲ್ಲ ಅಂತಿದ್ರಿ?"

"ಸೀನಲಿ. ಸೀನಿ ಯಾರೂ ಸತ್ತಿಲ್ಲ."

ಡೋರಿಸ್‌ಗೆ ಫೋನ್ ಮಾಡಿದೆ. ಅವರು ಬರುವ ಹೊತ್ತಿಗೆ ಬಯಲಿನಲ್ಲಿ ಮೊಟ್ಟೆಗಳು ಒಡೆದಿದ್ದವು. ನಾಲ್ಕು ಹತ್ತಿಯುಂಡೆಗಳು ಜಲ್ಲಿಯ ಮೇಲೆ ಓಡಾಡುತ್ತಿದ್ದವು. ಬೇಗಂ ಎಲ್ಲಿದ್ದಾಳೋ ಗೊತ್ತಿರಲಿಲ್ಲ. ಡೋರಿಸ್ ಈ ಸಲ ಸಾರ್ಡೀನ್ ಮುಟ್ಟಲಿಲ್ಲ. ಆಂಟಿ ಕೈಯಾರೆ ಎತ್ತಿಕೊಟ್ಟ ಮರಿಗಳನ್ನು ಚಿಕ್ಕ ಪಂಜರದಲ್ಲಿ ಹಾಕಿ, ಅದನ್ನು ಬೋನಿನ ಕೊನೆಗೆ ಒತ್ತಿಟ್ಟು, ಎರಡರ ಮೇಲೂ ಒಂದೇ ಬೆಡ್‌ಶೀಟ್ ಹೊದಿಸಿದರು. ಮರಿಗಳನ್ನು ಮುಟ್ಟಬೇಕೆಂದರೆ ತಾಯಿ ಬೋನಿನೊಳಗಿನಿಂದಲೇ ಹೋಗಬೇಕು. ನಾವು ಮೂವರೂ ಅಂಗಡಿಯ ಹಿಂದಿನ ಕಿಟಕಿಯಲ್ಲಿ ನಿಂತೆವು. ಆಂಟಿ ಅಂಗಡಿಯ ಮುಂಬಾಗಿಲಿಗೆ ಬೀಗ ಹಾಕಿ ಬಂದಿದ್ದರು. ಹಬ್ಬಕ್ಕೂ ಬೀಗ ಹಾಕದ ಅಂಗಡಿ ಅದು.

ಬಿಸಿಲು ಏರಿತು. ಬೇಗಂ ಕಾಣಿಸಿಕೊಂಡಳು, ಬಯಲಿನ ಕಡೆಯಿಂದಲ್ಲ, ಡಬ್ಬಗಳ ಸಂದಿನಿಂದ. ಎಡಗಡೆಗೆ ಶೆಡ್ಡಿನ ಪಕ್ಕದ ಬೋನು, ಬಲಗಡೆಗೆ ಜಲ್ಲಿ. ನಡುವೆ ನಿಂತಳು. ಜಲ್ಲಿಯಲ್ಲಿ ಒಂದು ಮರಿ ಗುಂಪು ಬಿಟ್ಟು ಇತ್ತ ಕಡೆಯೇ ಓಡಿ ಬಂತು. ತಾಯಿಹಕ್ಕಿ ಕಿರುಚುತ್ತಾ ರೆಕ್ಕೆ ಎಳೆಯತೊಡಗಿತು. ಬೇಗಂ ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ ಕುಕ್ಕರಿಸಿದಳು, ಅವಳ ಹಿಂಗಾಲು ನಡುಗಿದ್ದು ನನಗೆ ಕಂಡಿತು. ಹಿಂದಿನ ರಾತ್ರಿಯಿಂದ ಅವಳಿಗೆ ಊಟವಿರಲಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಲ್ಲೇ ಕಿರುಚಿಬಿಡುತ್ತಿದ್ದೆನೋ ಏನೋ. ಆಂಟಿಯ ತುಟಿಗಳು ದುವಾದಲ್ಲಿ ಆಡುತ್ತಿದ್ದವು. ನಾನು ರಾಯರನ್ನು ಬಿಟ್ಟಿರಲಿಲ್ಲ. ಆಗ ಬೆಡ್‌ಶೀಟಿನ ಕೆಳಗಿನಿಂದ ಒಂದು ಬೆಕ್ಕಿನಮರಿ ತೆಳ್ಳಗೆ ಮಿಯಾಂ ಅಂದಿತು.

ಬೇಗಂಳ ಒಂದು ಕಿವಿ ತಿರುಗಿತು. ಆಮೇಲೆ ಇನ್ನೊಂದು. ಇನ್ನೊಮ್ಮೆ ಕೂಗು ಕೇಳಿದಾಗ ಅವಳು ಎದ್ದಳು, ಜಲ್ಲಿಗೆ ಬೆನ್ನು ಹಾಕಿದಳು. ಬೋನಿನ ಬಾಯಲ್ಲಿ ತಡೆದಳು. ಅದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ನಿನ್ನೆಯಷ್ಟೇ ಅದರೊಳಗೆ ಕೂತು ನಡುಗಿದ್ದಳು. ಗೊತ್ತಿದ್ದೂ ಒಳಗೆ ಹೋದಳು. ಬಾಗಿಲು ಬಿತ್ತು. ಡೋರಿಸ್ ಓಡಿದರು. ನಾನು ಬಯಲಿನ ಕಡೆ ನೋಡಿದೆ. ನಾಲ್ಕೂ ಮರಿಗಳನ್ನು ಕರೆದುಕೊಂಡು ಆ ಜೋಡಿ ಕೊಳದ ಹುಲ್ಲಿನತ್ತ ಹೊರಟಿತ್ತು. ನಾನು ಎಣಿಸಿದೆ, ಮತ್ತೆ ಎಣಿಸಿದೆ.

ಆ ಮರಿಗಳು ಜುಲೈಯಲ್ಲಿ ಹಾರಿದವು. ಬೇಗಂ ಮುಂದೆ ವರ್ಷಗಟ್ಟಲೆ ಆಂಟಿಯ ಮನೆಯ ಸೋಫಾವನ್ನು ಆಳಿದಳು. ಅಂಕಲ್ ಸೀನುತ್ತಲೇ ಅವಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಕಲಿತರು. ನಾನು ಕಾರು ಓಡಿಸುವುದನ್ನು ಕಲಿತೆ, ನಾವು ವೆಸ್ಟ್‌ಮಂಟ್‌ಗೆ ಮನೆ ಬದಲಾಯಿಸಿದೆವು. ಆದರೆ ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಡೋರಿಸ್ ವೈದ್ಯರಿಗೆ ಫೋನ್ ಮಾಡಲು ಹೋದ ಮೇಲೆ, ಶೆಡ್ಡಿನ ನೆರಳಲ್ಲಿ ಬೋನಿನ ಪಕ್ಕ ನಾವಿಬ್ಬರೇ ಕೂತಿದ್ದೆವು. ಆಂಟಿಯ ಮುಖ ಬಿಳಿಚಿಕೊಂಡಿತ್ತು. ಬೆಳಿಗ್ಗೆ ನಮ್ಮ ಮನೆಯಲ್ಲಿ ನೀರನ್ನೂ ಕುಡಿಯದೆ ಬಂದದ್ದು ನೆನಪಾಯಿತು.

"ಆಂಟಿ, ಹುಷಾರಿಲ್ವಾ? ತಿಂಡಿ ಏನಾದ್ರೂ ತಿಂದ್ರಾ?"

"ಇಲ್ಲ" ಎಂದರು. "ನಿನ್ನಿ ಸಂಜಿಗೆ ಅಕೀಗೆ ಹಾಕಲಿಲ್ಲ. ಹಾಕಿದ್ರ ಬೋನಿಗೆ ಬರಂಗಿಲ್ಲ ಅಂತ ನೀನ ಹೇಳಿದ್ದಿ. ಬಾಗಲಾಗ ಬಂದು ಕುಂತು ಒದರಿದ್ಲು, ನಾ ಬಾಗಲಾ ತಗೀಲಿಲ್ಲ. ಅಕೀನ ಉಪಾಸ ಕೆಡವಿ ನಾ ಹೆಂಗ ಉಣ್ಣಲಿ ತಂಗಿ? ನಾನೂ ಉಂಡಿಲ್ಲ."

ಬೋನು ಇಡಲು ಡೋರಿಸ್ ನನಗೆ ಎಲ್ಲವನ್ನೂ ಕಲಿಸಿದ್ದರು, ಇದನ್ನು ಯಾರೂ ಕಲಿಸಿರಲಿಲ್ಲ. ಅವರ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ, ಮೀನಿನ ವಾಸನೆ ಇನ್ನೂ ಹೋಗಿರದ ಕೈಗಳಿಂದ. ಆಂಟಿ ಬಿಡಿಸಿಕೊಂಡು ಎದ್ದು, ಒಳಗಿನಿಂದ ಮಾಂಸದ ತಟ್ಟೆಯನ್ನೂ ತಮ್ಮ ರೊಟ್ಟಿಯ ಗಂಟನ್ನೂ ತಂದು, ಡೋರಿಸ್ ಬಂದು ವೈದ್ಯರು ನಾಳೆ ಬರಹೇಳಿದ್ದಾರೆ, ಇವತ್ತು ಊಟ ಕೊಡಬಹುದು ಎನ್ನುವವರೆಗೂ ಮಡಿಲಲ್ಲಿಟ್ಟುಕೊಂಡು ಕಾದರು. ಆಮೇಲೆ ಬೋನಿನ ಬಾಗಿಲನ್ನು ಬೆರಳಷ್ಟು ಎತ್ತಿ ತಟ್ಟೆಯನ್ನು ಒಳಗೆ ಸರಿಸಿದರು. ಬೆಡ್‌ಶೀಟಿನ ಕತ್ತಲಲ್ಲಿ ಬೇಗಂ ತಿನ್ನುವ ಸದ್ದು ಕೇಳಿತು. ಆಂಟಿ ಆ ಸದ್ದು ನಿಲ್ಲುವವರೆಗೂ ತಲೆ ಬಾಗಿಸಿ ಕೇಳುತ್ತಾ ಕೂತಿದ್ದು, ಆನಂತರ ರೊಟ್ಟಿಯ ಗಂಟು ಬಿಚ್ಚಿದರು. ಮೊದಲ ತುತ್ತು ಮುರಿದು ನನ್ನ ಕೈಗಿಟ್ಟರು.